ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಪೂರ್ತಿ ಮಾಯ (ಉಬುಂಟು 22.04, ಬ್ರಾಡ್‌ಕಾಮ್ 43142 ವೈಫೈ ಕಾರ್ಡ್)

ಶರಾವತಿ_ತೀರ · ಜನವರಿ 13, 2024, ಸಂಜೆ 7:20

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ಮೊಬೈಲ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಂದಿಕೊಳ್ಳಿ.

ನನ್ನದು 2015ರ ಲ್ಯಾಪ್‌ಟಾಪ್. ಹತ್ತಿರ ಹತ್ತಿರ ಎರಡು ವರ್ಷದಿಂದ ಉಬುಂಟು 22.04 (ವಿಂಡೋಸ್ ಬದಲಿಗೆ ಬಳಸುವ ಒಂದು ಲಿನಕ್ಸ್ ವ್ಯವಸ್ಥೆ) ಬಳಸುತ್ತಿದ್ದೇನೆ, ಯಾವ ತೊಂದರೆಯೂ ಇರಲಿಲ್ಲ. ಮೊನ್ನೆ ಗುರುವಾರ ಕರ್ನಲ್ (ವ್ಯವಸ್ಥೆಯ ತಿರುಳು ಭಾಗ) ಅಪ್‌ಡೇಟ್ ಕೇಳಿತು, ಒಪ್ಪಿಕೊಂಡೆ, ರೀಸ್ಟಾರ್ಟ್ ಮಾಡಿದೆ. ಆಮೇಲೆ ನೋಡಿದರೆ ವೈಫೈ ಗುರುತೇ ಇಲ್ಲ. ಸಿಗ್ನಲ್ ಬರುತ್ತಿಲ್ಲ ಅಂತಲ್ಲ, ಸೆಟ್ಟಿಂಗ್ಸ್‌ಗೆ ಹೋದರೆ "ವೈಫೈ ಅಡಾಪ್ಟರ್ ಸಿಗಲಿಲ್ಲ" ಅನ್ನುತ್ತದೆ. ಪೇಟೆಯ ಒಂದು ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದೆ. ಐದು ನಿಮಿಷ ನೋಡಿ, ಕಾರ್ಡ್ ಹೋಗಿದೆ, ಹೊಸದು ಹಾಕಿಸಬೇಕು, ಇಲ್ಲವಾದರೆ ವಿಂಡೋಸ್ ಹಾಕಿಕೊಡುತ್ತೇವೆ ಅಂದರು. ನನಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಬುಧವಾರ ರಾತ್ರಿವರೆಗೂ ಸರಿಯಾಗಿ ಕೆಲಸ ಮಾಡಿದ ಕಾರ್ಡ್ ಗುರುವಾರ ಅಪ್‌ಡೇಟ್ ಆದ ಕೂಡಲೇ ಹೇಗೆ ಸಾಯುತ್ತದೆ?

ನಾನು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸಂಕ್ರಾಂತಿ ಕಳೆದ ಮೇಲೆ ಮಕ್ಕಳ ಆಂತರಿಕ ಅಂಕಗಳನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಮೊಬೈಲ್‌ನಲ್ಲಿ ಅದು ಆಗುವ ಕೆಲಸವಲ್ಲ. ಈ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕುವ ಜಾಗವೂ ಇಲ್ಲ. ದಯವಿಟ್ಟು ದಾರಿ ತೋರಿಸಿ.

ಹಳೇಗಣಕ · ಜನವರಿ 13, ಸಂಜೆ 7:48

ಮೇಡಂ, ಮೊದಲು ಸಮಾಧಾನ ಮಾಡಿಕೊಳ್ಳಿ. ಕಾರ್ಡ್ ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಸದ್ಯಕ್ಕೆ ದುಡ್ಡು ಖರ್ಚು ಮಾಡಬೇಡಿ.

ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಕಂಪನಿಯ ಲೋಗೋ ಬಂದ ಕೂಡಲೇ ಎಸ್ಕೇಪ್ ಕೀ ಒತ್ತಿ. ತೀರಾ ಹಳೆಯ ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಆಗಿದ್ದರೆ ಶಿಫ್ಟ್ ಒತ್ತಿ ಹಿಡಿಯಬೇಕು. ಯಾವ ಕರ್ನಲ್‌ನಿಂದ ಶುರುಮಾಡಬೇಕು ಅಂತ ಆರಿಸುವ ಗ್ರಬ್ ಮೆನು ಬರುತ್ತದೆ. ಅದರಲ್ಲಿ "ಅಡ್ವಾನ್ಸ್‌ಡ್ ಆಪ್ಷನ್ಸ್ ಫಾರ್ ಉಬುಂಟು" ಅಂತ ಎರಡನೇ ಸಾಲು ಇರುತ್ತದೆ, ಅದನ್ನು ಆರಿಸಿದರೆ ಎರಡು ಮೂರು ಕರ್ನಲ್‌ಗಳ ಪಟ್ಟಿ ಕಾಣಿಸುತ್ತದೆ. ಮೇಲಿರುವುದು ಹೊಸದು. ಅದರ ಕೆಳಗಿನದನ್ನು, ರಿಕವರಿ ಅಂತ ಬರೆದಿಲ್ಲದ್ದನ್ನು, ಆರಿಸಿ ಎಂಟರ್ ಒತ್ತಿ. ಅದರಲ್ಲಿ ವೈಫೈ ಬಂದರೆ ಕಾರ್ಡ್ ಗಟ್ಟಿಯಾಗಿದೆ ಅಂತಲೇ ಅರ್ಥ, ಮಿಕ್ಕಿದ್ದೆಲ್ಲ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಪ್ರೋಗ್ರಾಂನ, ವಿಷಯ. ಅಂಕ ತುಂಬುವ ಕೆಲಸವನ್ನೂ ಹಳೇ ಕರ್ನಲ್‌ನಲ್ಲೇ ಮುಗಿಸಬಹುದು.

ಇನ್ನೊಂದು ಮಾತು. ಎಲ್ಲ ಸರಿಹೋಗುವವರೆಗೆ ಬೇಡದ ಹಳೇ ಪ್ಯಾಕೇಜ್‌ಗಳನ್ನು ಅಳಿಸುವ "ಆಟೋರಿಮೂವ್" ಓಡಿಸಬೇಡಿ. ಈಗ ಆ ಹಳೇ ಕರ್ನಲ್ಲೇ ನಿಮ್ಮ ಕೈಯಲ್ಲಿರುವ ಆಸ್ತಿ.

ಶರಾವತಿ_ತೀರ · ಜನವರಿ 13, ರಾತ್ರಿ 8:35

ಸರ್, ಬಂತು! 6.2.0-39 ಅಂತ ಇತ್ತು, ಅದನ್ನು ಆರಿಸಿದೆ, ವೈಫೈ ತಾನಾಗಿಯೇ ಕನೆಕ್ಟ್ ಆಯಿತು. ಈ ಸಾಲನ್ನು ಲ್ಯಾಪ್‌ಟಾಪ್‌ನಿಂದಲೇ ಬರೆಯುತ್ತಿದ್ದೇನೆ. ಎರಡು ದಿನದಿಂದ ತಲೆಯ ಮೇಲಿದ್ದ ಹೊರೆ ಇಳಿದ ಹಾಗಾಯಿತು.

ಆದರೆ ಪ್ರತಿ ಸಲ ಹೀಗೆ ಮೆನುವಿಗೆ ಹೋಗಿ ಆರಿಸುತ್ತಿರಬೇಕಾ? ಹೊಸದರಲ್ಲೂ ಬರುವ ಹಾಗೆ ಮಾಡಲು ಆಗುವುದಿಲ್ಲವಾ? ಯಾಕೆ ಹೀಗಾಯಿತು ಅಂತಲೂ ತಿಳಿದುಕೊಳ್ಳುವ ಆಸೆ ಇದೆ.

ಹಳೇಗಣಕ · ಜನವರಿ 13, ರಾತ್ರಿ 8:52

ಖಂಡಿತ ಆಗುತ್ತದೆ. ಟರ್ಮಿನಲ್ (ಕಮ್ಯಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಎರಡು ಕಮ್ಯಾಂಡ್ ಕೊಟ್ಟು, ಬಂದ ಉತ್ತರವನ್ನು ಇಲ್ಲಿ ಹಾಕಿ. ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಮಾಡಿ.

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಡಿಕೆಎಂಎಸ್ ಸ್ಟೇಟಸ್

ಮೊದಲನೆಯದು ಯಾವ ಕಾರ್ಡ್, ಅದನ್ನು ಯಾವ ಡ್ರೈವರ್ ನಡೆಸುತ್ತಿದೆ ಅಂತ ಹೇಳುತ್ತದೆ. "ನೆಟ್‌ವರ್ಕ್ ಕಂಟ್ರೋಲರ್" ಅಂತ ಇರುವ ಭಾಗ ಮಾತ್ರ ಸಾಕು. ಎರಡನೆಯದು ಹೊರಗಿನಿಂದ ಬಂದ ಡ್ರೈವರ್ ಯಾವ ಯಾವ ಕರ್ನಲ್‌ಗೆ ಸಿದ್ಧವಾಗಿದೆ ಅಂತ ಹೇಳುತ್ತದೆ. ಎಲ್‌ಎಸ್‌ಪಿಸಿಐಯನ್ನು ಹೊಸ ಕರ್ನಲ್‌ನಲ್ಲೂ ಒಂದು ಸಲ ಓಡಿಸಿ, ವ್ಯತ್ಯಾಸ ಗೊತ್ತಾಗುತ್ತದೆ.

ಶರಾವತಿ_ತೀರ · ಜನವರಿ 13, ರಾತ್ರಿ 9:30

ಬ್ರಾಡ್‌ಕಾಮ್ ಬಿಸಿಎಂ43142, ಪಕ್ಕದಲ್ಲಿ ಆವರಣದೊಳಗೆ 14ಇ4:4365 ಅಂತ ಇದೆ. ಹಳೇ ಕರ್ನಲ್‌ನಲ್ಲಿ "ಕರ್ನಲ್ ಡ್ರೈವರ್ ಇನ್ ಯೂಸ್: ಡಬ್ಲ್ಯುಎಲ್" ಅಂತ ಬರುತ್ತದೆ. ಹೊಸದರಲ್ಲಿ ಆ ಸಾಲೇ ಇಲ್ಲ.

ಡಿಕೆಎಂಎಸ್ ಸ್ಟೇಟಸ್‌ನಲ್ಲಿ ಒಂದೇ ಒಂದು ಸಾಲು: ಬಿಸಿಎಂಡಬ್ಲ್ಯುಎಲ್, 6.30.223.271, 6.2.0-39-ಜೆನೆರಿಕ್, ಇನ್‌ಸ್ಟಾಲ್ಡ್. ಹೊಸ ಕರ್ನಲ್ 6.5.0-14. ಅದರ ಹೆಸರು ಎಲ್ಲೂ ಇಲ್ಲ.

ಹಳೇಗಣಕ · ಜನವರಿ 13, ರಾತ್ರಿ 9:44

ಅಲ್ಲಿಗೆ ಕಾರಣ ಸಿಕ್ಕಿತು. ನಿಮ್ಮ ಕಾರ್ಡಿನ ಡ್ರೈವರ್ ಹಳೇ ಕರ್ನಲ್‌ಗೆ ತಯಾರಾಗಿದೆ, ಹೊಸ ಕರ್ನಲ್‌ಗೆ ತಯಾರಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದಷ್ಟೇ ಇನ್ನು ಉಳಿದಿರುವ ಪ್ರಶ್ನೆ. ಈಗ ಹಳೇ ಕರ್ನಲ್‌ನಲ್ಲೇ ಇದ್ದು "ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ 6.5.0-14-ಜೆನೆರಿಕ್" ಅಂತ ಕೊಡಿ. ತಪ್ಪು ತೋರಿಸುತ್ತದೆ, ತೋರಿಸಲಿ. ಆಮೇಲೆ /ವಾರ್/ಲಿಬ್/ಡಿಕೆಎಂಎಸ್ ಫೋಲ್ಡರ್‌ನೊಳಗೆ ಬಿಸಿಎಂಡಬ್ಲ್ಯುಎಲ್ ಅಂತ ಇರುತ್ತದೆ, ಅದರೊಳಗೆ ಮೇಕ್ ಡಾಟ್ ಲಾಗ್ ಅನ್ನುವ ಫೈಲ್ ಇದೆ. ಅದರ ಮೊದಲ ಹತ್ತು ಸಾಲು ಮತ್ತು ಕೊನೆಯ ಹತ್ತು ಸಾಲು ಹಾಕಿ.

ನಂಜನಗೂಡು_ರಸಬಾಳೆ · ಜನವರಿ 13, ರಾತ್ರಿ 10:05

ನಡುವೆ ಬರುತ್ತಿದ್ದೇನೆ. ಮೇಡಂ "ಯಾಕೆ ಹೀಗೆ" ಅಂತ ಕೇಳಿದ್ದಾರಲ್ಲ, ಅದಕ್ಕೆ ನನಗೆ ತಿಳಿದಂತೆ ಹೇಳುತ್ತೇನೆ. ನಮ್ಮಮ್ಮ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ, ನನಗೆ ಇದು ಅರ್ಥವಾಗಿದ್ದೇ ಆ ಲೆಕ್ಕದಲ್ಲಿ.

ಲಿನಕ್ಸ್‌ನಲ್ಲಿ ಡ್ರೈವರ್ ಅನ್ನುವುದು ಕರ್ನಲ್‌ನ ಮೈಗೆ ಸರಿಯಾಗಿ ಅಳತೆ ತೆಗೆದು ಹೊಲಿದ ಬ್ಲೌಸ್ ಇದ್ದ ಹಾಗೆ. ಕರ್ನಲ್ ಬದಲಾದರೆ ಮೈ ಅಳತೆ ಬದಲಾಗುತ್ತದೆ, ಹಳೇದು ಹಿಡಿಸುವುದಿಲ್ಲ, ಹೊಸದಾಗಿ ಹೊಲಿಯಬೇಕು. ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಜೊತೆಯಲ್ಲೇ ಹೊಲಿದು ಬರುತ್ತವೆ. ಇಂಟೆಲ್ ಕಾರ್ಡುಗಳ ಐಡಬ್ಲ್ಯುಎಲ್‌ವೈಫೈ, ಅಥೆರಾಸ್‌ನ ಎಟಿಎಚ್9ಕೆ ಎಲ್ಲ ಹಾಗೆ. ಅವುಗಳನ್ನು ಬಳಸುವವರಿಗೆ ಈ ತೊಂದರೆ ಗೊತ್ತೇ ಆಗುವುದಿಲ್ಲ. ನಿಮ್ಮ ಕಾರ್ಡಿನ ಡಬ್ಲ್ಯುಎಲ್ ಡ್ರೈವರ್ ಕರ್ನಲ್‌ನ ಹೊರಗಿನದು. ಅದಕ್ಕೆ ಪ್ರತಿ ಹೊಸ ಕರ್ನಲ್ ಬಂದಾಗಲೂ ನಿಮ್ಮ ಮನೆಯಲ್ಲೇ, ಅಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ, ಹೊಲಿಗೆ ನಡೆಯಬೇಕು.

ಆ ಹೊಲಿಯುವ ದರ್ಜಿಯೇ ಡಿಕೆಎಂಎಸ್. 2003ರ ಹೊತ್ತಿಗೆ ಡೆಲ್ ಕಂಪನಿಯವರು ಮಾಡಿದ್ದು ಅದು. ಹೊಸ ಕರ್ನಲ್ ಬಂದ ಕೂಡಲೇ ತಾನಾಗಿಯೇ ಎದ್ದು ಕೆಲಸ ಮಾಡುತ್ತದೆ. ಅದಕ್ಕೆ ಮೂರು ವಸ್ತು ಬೇಕು. ಬಟ್ಟೆ, ಅಂದರೆ ಡ್ರೈವರ್‌ನ ಸೋರ್ಸ್ (ಬರೆದ ಮೂಲ ಕೋಡ್). ಅಳತೆ ಚೀಟಿ, ಅಂದರೆ ಆ ಕರ್ನಲ್‌ನ ಹೆಡರ್ ಪ್ಯಾಕೇಜ್. ಹೊಲಿಗೆ ಮಿಷನ್, ಅಂದರೆ ಆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಜಿಸಿಸಿ ಕಂಪೈಲರ್. ಮೂರರಲ್ಲಿ ಒಂದು ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಬೇಸರದ ಸಂಗತಿ ಅಂದರೆ ಅದು ನಿಂತಿದೆ ಅಂತ ನಮಗೆ ಯಾರೂ ಜೋರಾಗಿ ಹೇಳುವುದಿಲ್ಲ. ಅಪ್‌ಡೇಟ್ ಆಗುವಾಗ ಓಡುವ ನೂರಾರು ಸಾಲುಗಳ ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಸಾಫ್ಟ್‌ವೇರ್ ಅಪ್‌ಡೇಟರ್ ಕಿಟಕಿಯಲ್ಲಿ ಮಾಡಿದವರಿಗೆ ಅದೂ ಕಾಣುವುದಿಲ್ಲ.

ಜೋಳದರೊಟ್ಟಿ · ಜನವರಿ 13, ರಾತ್ರಿ 10:31

ಅಕ್ಕಾ, ಎಷ್ಟು ಚೆನ್ನಾಗಿ ಹೇಳಿದಿರಿ. ಆರು ವರ್ಷದಿಂದ ಲಿನಕ್ಸ್ ಬಳಸುತ್ತಿದ್ದೇನೆ, ಹೆಡರ್ ಯಾಕೆ ಬೇಕು ಅಂತ ಈಗ ಅರ್ಥವಾಯಿತು.

ನನ್ನದೂ ಇದೇ ಗೋಳು, ಆದರೆ ಕಾರ್ಡ್ ಬೇರೆ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಲಿನಕ್ಸ್ ಮಿಂಟ್ 21, ರಿಯಲ್‌ಟೆಕ್ ಆರ್‌ಟಿಎಲ್8821ಸಿಇ. ಮೂರ್ನಾಲ್ಕು ವರ್ಷದ ಹಿಂದೆ ಯಾವುದೋ ವಿಡಿಯೋ ನೋಡಿ ಗಿಟ್‌ಹಬ್ ಅನ್ನುವ ಕೋಡ್ ಹಂಚುವ ತಾಣದಿಂದ ಡ್ರೈವರ್ ಇಳಿಸಿ ಹಾಕಿದ್ದೆ, ಆವತ್ತಿನಿಂದ ನಡೆಯುತ್ತಿತ್ತು. ಮಿಂಟ್ ಹೊಸ ಮಾಡಿದರೂ ಅದೇ ವಿಡಿಯೋ, ಅದೇ ಡ್ರೈವರ್. ಈಗ 6.5 ಕರ್ನಲ್ ಹಾಕಿದೆ, ನಿಂತುಹೋಯಿತು. ಅದೇ ಹಳೇ ಫೋಲ್ಡರ್‌ನಲ್ಲಿ ಮತ್ತೆ ಮೇಕ್ (ಡ್ರೈವರ್ ಕಟ್ಟುವ ಕಮ್ಯಾಂಡ್) ಕೊಟ್ಟರೆ ಇಪ್ಪತ್ತು ಮೂವತ್ತು ಎರರ್. ಬೇರೆ ಥ್ರೆಡ್ ತೆರೆಯಬೇಕಾ ಅಥವಾ ಇಲ್ಲೇ ಕೇಳಬಹುದಾ?

ಹಳೇಗಣಕ · ಜನವರಿ 13, ರಾತ್ರಿ 10:50

ಇಲ್ಲೇ ಕೇಳಿ, ಮೂಲ ಒಂದೇ. ನಿಮ್ಮದು ಇನ್ನೂ ಸುಲಭ. 8821ಸಿಇ ಕಾರ್ಡಿಗೆ 5.9ನೇ ಕರ್ನಲ್‌ನಿಂದ, ಅಂದರೆ 2020ರ ಅಕ್ಟೋಬರ್‌ನಿಂದ, ಕರ್ನಲ್‌ನ ಒಳಗೇ ಡ್ರೈವರ್ ಇದೆ. ಹೆಸರು ಆರ್‌ಟಿಡಬ್ಲ್ಯು88. ನಿಮಗೆ ಆ ಗಿಟ್‌ಹಬ್ ಡ್ರೈವರ್ ಈಗ ಬೇಕಾಗಿಯೇ ಇಲ್ಲ.

ಹಾಗಾದರೆ ಒಳಗಿನ ಡ್ರೈವರ್ ಯಾಕೆ ತಾನಾಗಿ ಬರುತ್ತಿಲ್ಲ? ಆ ವಿಡಿಯೋದವರು ಅದನ್ನು ತಡೆಹಿಡಿಯುವ ಒಂದು ಸಾಲನ್ನೂ ಹಾಕಿಸಿರುತ್ತಾರೆ. ಎರಡು ಡ್ರೈವರ್ ಒಂದೇ ಕಾರ್ಡಿಗೆ ಜಗಳ ಆಡಬಾರದು ಅಂತ ಆಗ ಅದು ಸರಿಯಾಗಿಯೇ ಇತ್ತು. ಈಗ ಹೊರಗಿನದು ಓಡುತ್ತಿಲ್ಲ, ಒಳಗಿನದಕ್ಕೆ ಬೀಗ ಹಾಕಿದೆ. /ಇಟಿಸಿ/ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ "ಬ್ಲ್ಯಾಕ್‌ಲಿಸ್ಟ್ ಆರ್‌ಟಿಡಬ್ಲ್ಯು88" ಅಂತ ಶುರುವಾಗುವ ಸಾಲು ಯಾವ ಫೈಲ್‌ನಲ್ಲಿದೆ ಅಂತ ಹುಡುಕಿ, ಆ ಸಾಲು ಅಳಿಸಿ. ಗಿಟ್‌ಹಬ್ ಡ್ರೈವರ್ ಡಿಕೆಎಂಎಸ್‌ನಲ್ಲಿ ಇದ್ದರೆ ತೆಗೆದುಹಾಕಿ. "ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು" ಕೊಟ್ಟು ರೀಸ್ಟಾರ್ಟ್ ಮಾಡಿ.

ಶರಾವತಿ_ತೀರ · ಜನವರಿ 14, ಬೆಳಗ್ಗೆ 6:55

ಲಾಗ್ ಸಿಕ್ಕಿತು. ಮೇಲಿನ ಸಾಲುಗಳಲ್ಲಿ ಹೀಗಿದೆ: ಕರ್ನಲ್ ಅನ್ನು ಕಟ್ಟಿದ ಕಂಪೈಲರ್ ಬೇರೆ, ನೀವು ಬಳಸುತ್ತಿರುವ ಕಂಪೈಲರ್ ಬೇರೆ ಅಂತ ಎಚ್ಚರಿಕೆ. ಕರ್ನಲ್ ಕಟ್ಟಿದ್ದು ಜಿಸಿಸಿ-12, 12.3.0. ನನ್ನದು ಜಿಸಿಸಿ 11.4.0. ಕೆಳಗಿನ ಸಾಲಿನಲ್ಲಿ ಒಂದೇ ಎರರ್ ಪದೇ ಪದೇ ಬಂದಿದೆ: "-ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಜೀರೋ" ಅನ್ನುವ ಆಯ್ಕೆ ಗೊತ್ತಿಲ್ಲ ಅಂತ.

ನಿನ್ನೆ ಅಕ್ಕ ಹೇಳಿದ್ದು ಓದಿದ ಮೇಲೆ ನನಗೇ ಅನ್ನಿಸಿತು, ಇದು ಮಿಷನ್ ತೊಂದರೆ ಅಲ್ವಾ?

ನಂಜನಗೂಡು_ರಸಬಾಳೆ · ಜನವರಿ 14, ಬೆಳಗ್ಗೆ 7:20

ಹೌದು! ನೀವೇ ಕಂಡುಹಿಡಿದಿರಿ. ಅಳತೆ ಚೀಟಿಯಲ್ಲಿ ಒಂದು ಹೊಸ ಬಗೆಯ ಹೊಲಿಗೆ ಹಾಕು ಅಂತ ಬರೆದಿದೆ, ಹಳೇ ಮಿಷನ್‌ಗೆ ಆ ಹೊಲಿಗೆ ಬರುವುದಿಲ್ಲ. ಆ ಆಯ್ಕೆ ಜಿಸಿಸಿಗೆ ಬಂದಿದ್ದೇ 12ನೇ ಆವೃತ್ತಿಯಲ್ಲಿ. ಕೋಡ್‌ನಲ್ಲಿ ಬೆಲೆ ಕೊಡದೆ ಬಿಟ್ಟ ವೇರಿಯಬಲ್‌ಗಳಿಗೆ ತಾನಾಗಿ ಸೊನ್ನೆ ತುಂಬುವುದು ಅದರ ಕೆಲಸ. ಮೆಮೊರಿಯಲ್ಲಿ ಉಳಿದ ಹಳೇ ಮಾಹಿತಿ ಸೋರಬಾರದು ಅಂತ ಭದ್ರತೆಗಾಗಿ ಮಾಡಿದ್ದು.

22.04 ಬಂದಾಗ 5.15 ಕರ್ನಲ್ ಇತ್ತು, ಜಿಸಿಸಿ 11 ಇತ್ತು. ಆಮೇಲೆ ಹೊಸ ಹಾರ್ಡ್‌ವೇರ್‌ಗಾಗಿ ಎಚ್‌ಡಬ್ಲ್ಯುಇ ಅನ್ನುವ ಸಾಲಿನಲ್ಲಿ 5.19, 6.2, ಈಗ 6.5 ಬಂದವು. 6.5 ಅನ್ನು ಕಟ್ಟಿದ್ದು ಜಿಸಿಸಿ 12ರಲ್ಲಿ. ನಿಮ್ಮ ಲ್ಯಾಪ್‌ಟಾಪ್‌ಗೆ ಕರ್ನಲ್ ಬಂತು, ಜೊತೆಗೆ ಬರಬೇಕಾದ ಮಿಷನ್ ಬರಲಿಲ್ಲ. ಅಷ್ಟೇ. ನಿಮ್ಮ ತಪ್ಪೂ ಇಲ್ಲ, ಕಾರ್ಡಿನ ತಪ್ಪೂ ಇಲ್ಲ.

ಹಳೇ ಕರ್ನಲ್‌ನಲ್ಲಿ ವೈಫೈ ಇದೆಯಲ್ಲ, ಅಲ್ಲಿಂದಲೇ "ಸುಡೋ ಆಪ್ಟ್ ಅಪ್‌ಡೇಟ್", ಆಮೇಲೆ "ಸುಡೋ ಆಪ್ಟ್ ಇನ್‌ಸ್ಟಾಲ್ ಜಿಸಿಸಿ-12" ಕೊಡಿ. ಮುಗಿದ ಮೇಲೆ ನಿನ್ನೆಯ ಆಟೋಇನ್‌ಸ್ಟಾಲ್ ಕಮ್ಯಾಂಡ್ ಮತ್ತೆ ಕೊಡಿ.

ತುಂಗಾಭದ್ರ · ಜನವರಿ 14, ಬೆಳಗ್ಗೆ 8:10

ನನಗೂ ಇದೇ ಬಂದಿತ್ತು. ನಾನು /ಯುಎಸ್‌ಆರ್/ಬಿನ್ ಒಳಗೆ ಜಿಸಿಸಿ ಅನ್ನುವ ಲಿಂಕನ್ನೇ ಜಿಸಿಸಿ-12ಕ್ಕೆ ತಿರುಗಿಸಿದೆ, ಒಂದೇ ಸಾಲಿನಲ್ಲಿ ಕೆಲಸ ಆಯಿತು. ಅದನ್ನೇ ಮಾಡಿ, ಬೇಗ ಮುಗಿಯುತ್ತದೆ.

ಹಳೇಗಣಕ · ಜನವರಿ 14, ಬೆಳಗ್ಗೆ 8:26

ಕೆಲಸ ಆಗುತ್ತದೆ, ಒಪ್ಪುತ್ತೇನೆ. ಆದರೂ ಅದನ್ನು ಯಾರಿಗೂ ಹೇಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಆ ಲಿಂಕ್ ಪ್ಯಾಕೇಜ್ ವ್ಯವಸ್ಥೆಯ ಸ್ವತ್ತು. ನಾವು ಕೈಯಾರೆ ತಿರುಗಿಸಿದರೆ ಮುಂದೆ ಜಿಸಿಸಿ ಪ್ಯಾಕೇಜ್ ಅಪ್‌ಡೇಟ್ ಆದಾಗ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತದೆ. ಆಗ ಮತ್ತೆ ಡ್ರೈವರ್ ಕಟ್ಟುವುದು ನಿಲ್ಲುತ್ತದೆ. ಆ ಹೊತ್ತಿಗೆ ನಾವು ಏನು ಮಾಡಿದ್ದೆವು ಅನ್ನುವುದೇ ಮರೆತಿರುತ್ತದೆ. ಹಳೇ 5.15 ಕರ್ನಲ್‌ಗೂ ಮಾಡ್ಯೂಲ್ (ಕಟ್ಟಿದ ಡ್ರೈವರ್) ಕಟ್ಟಬೇಕಾದರೆ ಅಲ್ಲಿ 11 ಬೇಕು, ಇಲ್ಲಿ 12 ಬೇಕು. ಎರಡೂ ಇರಲಿ, ಯಾವುದು ಯಾವಾಗ ಅಂತ ಡಿಕೆಎಂಎಸ್ ಆರಿಸಲಿ.

ಶರಾವತಿ_ತೀರ · ಜನವರಿ 14, ಬೆಳಗ್ಗೆ 9:02

ಜಿಸಿಸಿ-12 ಹಾಕಿದೆ. ಆಟೋಇನ್‌ಸ್ಟಾಲ್ ಮತ್ತೆ ಕೊಟ್ಟೆ. ಅದೇ ಎರರ್, ಅದೇ ಸಾಲು. ಲಾಗ್‌ನಲ್ಲಿ ಈಗಲೂ 11.4.0 ಅಂತಲೇ ತೋರಿಸುತ್ತದೆ.

ಹಳೇಗಣಕ · ಜನವರಿ 14, ಬೆಳಗ್ಗೆ 9:15

ಹೊಸ ಮಿಷನ್ ಮನೆಗೆ ಬಂದಿದೆ, ದರ್ಜಿ ಇನ್ನೂ ಹಳೇದರ ಮುಂದೆಯೇ ಕೂತಿದ್ದಾನೆ. ನಿಮ್ಮ ಡಿಕೆಎಂಎಸ್ ಪ್ಯಾಕೇಜ್ ಹಳೆಯದಿರಬೇಕು. 22.04ಕ್ಕೆ ಬಂದ ಹೊಸ ಡಿಕೆಎಂಎಸ್ ಕರ್ನಲ್ ಅನ್ನು ಯಾವ ಕಂಪೈಲರ್ ಕಟ್ಟಿತೋ ಅದನ್ನೇ ಹುಡುಕಿ ಬಳಸುತ್ತದೆ. "ಸುಡೋ ಆಪ್ಟ್ ಇನ್‌ಸ್ಟಾಲ್ ಡಿಕೆಎಂಎಸ್ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್" ಅಂತ ಕೊಡಿ. ಎರಡೂ ಮೊದಲೇ ಇದ್ದರೂ ಪರವಾಗಿಲ್ಲ, ಹೊಸ ಆವೃತ್ತಿ ಇದ್ದರೆ ಅದಕ್ಕೆ ಏರಿಸುತ್ತದೆ. ಆಮೇಲೆ ಮತ್ತೆ ಆಟೋಇನ್‌ಸ್ಟಾಲ್.

ಶರಾವತಿ_ತೀರ · ಜನವರಿ 14, ಬೆಳಗ್ಗೆ 9:51

ಆಯಿತು ಸರ್!! ಡಿಕೆಎಂಎಸ್ ಹೊಸ ಆವೃತ್ತಿಗೆ ಏರಿತು. ಈ ಸಲ ಸ್ವಲ್ಪ ಹೊತ್ತು ಏನೂ ಹೇಳದೆ ನಿಂತಿತು, ನನಗೆ ಎದೆ ಡವಡವ. ಕೊನೆಗೆ ಮುಗಿಯಿತು. ಡಿಕೆಎಂಎಸ್ ಸ್ಟೇಟಸ್‌ನಲ್ಲಿ ಈಗ ಎರಡು ಸಾಲು, ಎರಡರ ಕೊನೆಯಲ್ಲೂ ಇನ್‌ಸ್ಟಾಲ್ಡ್. ರೀಸ್ಟಾರ್ಟ್ ಮಾಡಿದೆ, ಮೆನು ಏನೂ ತೆಗೆಯಲಿಲ್ಲ, ಯುನೇಮ್ -ಆರ್ ಕೇಳಿದರೆ 6.5.0-14 ಅನ್ನುತ್ತದೆ, ವೈಫೈ ಇದೆ.

ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಮುಖ ನೋಡದವರು ರಾತ್ರಿ ಹತ್ತು ಗಂಟೆಗೆ ಕೂತು ನನ್ನ ಲಾಗ್ ಓದಿದ್ದೀರಿ. ಎಳ್ಳು ಬೆಲ್ಲ ಕಳಿಸುವ ಹಾಗಿದ್ದರೆ ಖಂಡಿತ ಕಳಿಸುತ್ತಿದ್ದೆ.

ಜೋಳದರೊಟ್ಟಿ · ಜನವರಿ 14, ಬೆಳಗ್ಗೆ 10:20

ಮೇಡಂ, ಖುಷಿಯಾಯಿತು. ನನ್ನದೂ ಬಂತು. ಬ್ಲ್ಯಾಕ್‌ಲಿಸ್ಟ್ ಫೈಲ್‌ನಲ್ಲಿ ಆ ಸಾಲು ಇತ್ತು, ಅಳಿಸಿದ ಮೇಲೆ ಆರ್‌ಟಿಡಬ್ಲ್ಯು88 ತಾನಾಗಿಯೇ ಎದ್ದಿತು. ಆದರೆ ಒಂದು ಕೊರತೆ ಇದೆ. ಹತ್ತು ಹದಿನೈದು ನಿಮಿಷ ಸುಮ್ನೆ ಬಿಟ್ಟರೆ ಕನೆಕ್ಷನ್ ಬಿದ್ದುಹೋಗುತ್ತದೆ, ವೈಫೈ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತದೆ.

ಹಳೇಗಣಕ · ಜನವರಿ 14, ಬೆಳಗ್ಗೆ 10:41

ಕರೆಂಟ್ ಉಳಿಸಲು ಕಾರ್ಡ್ ಆಳವಾದ ನಿದ್ದೆಗೆ ಹೋಗುತ್ತದೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದರಿಂದ ಸರಿಯಾಗಿ ಏಳುವುದಿಲ್ಲ. ಅದೇ ಮಾಡ್‌ಪ್ರೋಬ್.ಡಿ ಫೋಲ್ಡರ್‌ನಲ್ಲಿ ಒಂದು ಹೊಸ ಫೈಲ್ ಮಾಡಿ ಎರಡು ಸಾಲು ಹಾಕಿ ನೋಡಿ.

ಆಪ್ಷನ್ಸ್ ಆರ್‌ಟಿಡಬ್ಲ್ಯು88_ಕೋರ್ ಡಿಸೇಬಲ್_ಎಲ್‌ಪಿಎಸ್_ಡೀಪ್=ವೈ

ಆಪ್ಷನ್ಸ್ ಆರ್‌ಟಿಡಬ್ಲ್ಯು88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=ವೈ

ಫೈಲ್ ಹೆಸರು ಏನಾದರೂ ಇರಲಿ, ಕೊನೆಯಲ್ಲಿ ಡಾಟ್ ಕಾನ್ಫ್ ಇರಬೇಕು. ಬ್ಯಾಟರಿ ಒಂಚೂರು ಜಾಸ್ತಿ ಖರ್ಚಾಗುತ್ತದೆ, ಆದರೆ ಕನೆಕ್ಷನ್ ನಿಲ್ಲಬೇಕು.

ಮ್ಯೂನಿಕ್‌ನಲ್ಲಿ_ಮಲೆನಾಡಿಗ · ಜನವರಿ 14, ಮಧ್ಯಾಹ್ನ 2:15

ಇಡೀ ಥ್ರೆಡ್ ಓದಿದೆ, ಮನಸ್ಸು ತುಂಬಿತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಮೂವತ್ತು ವರ್ಷ ದಾಟಿದ ಒಂದು ವ್ಯವಸ್ಥೆಯಲ್ಲಿ ಡ್ರೈವರ್ ಪ್ರತಿ ಸಲ ಹೊಸದಾಗಿ ಹೊಲಿಯಬೇಕು ಅನ್ನುವುದು ಸರಿಯಾ? ಹೊಲಿಗೆಯನ್ನು ಮೇಡಂ ಮಾಡಬೇಕಾ, ಕರ್ನಲ್ ಮಾಡುವವರು ಒಂದು ಅಳತೆಯನ್ನು ಗಟ್ಟಿ ಮಾಡಿಕೊಳ್ಳಬಾರದಾ? ನಾನು ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿದ್ದೇನೆ, ಇಲ್ಲಿ ಡಿಕೆಎಂಎಸ್ ಜಾಗದಲ್ಲಿ ಎಕೆಮಾಡ್ಸ್ ಇದೆ, ಗೋಳು ಅದೇ. ಕರ್ನಲ್ ಬಂದ ಕೂಡಲೇ ಆತುರಕ್ಕೆ ರೀಸ್ಟಾರ್ಟ್ ಮಾಡಿದರೆ ಮಾಡ್ಯೂಲ್ ಇನ್ನೂ ಸಿದ್ಧವಾಗಿರುವುದಿಲ್ಲ. ಐದು ನಿಮಿಷ ಕಾಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಂಜನಗೂಡು_ರಸಬಾಳೆ · ಜನವರಿ 14, ಮಧ್ಯಾಹ್ನ 3:05

ಈ ಪ್ರಶ್ನೆ ನನಗೂ ತುಂಬಾ ದಿನ ಕಾಡಿದೆ. ಕರ್ನಲ್ ಸೋರ್ಸ್‌ನ ಜೊತೆಗೇ ಇದಕ್ಕೊಂದು ಉತ್ತರ ಇದೆ, ಕರ್ನಲ್ ಮಾಡುವವರಲ್ಲಿ ಒಬ್ಬರಾದ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಒಂದು ಟಿಪ್ಪಣಿ. ಅವರ ವಾದ ಇಷ್ಟು: ಹೊರಗಿನ ಪ್ರೋಗ್ರಾಂಗಳಿಗೆ ಕರ್ನಲ್ ಕೊಡುವ ಬಾಗಿಲು ಎಂದೂ ಬದಲಾಗುವುದಿಲ್ಲ, ವರ್ಷಗಳ ಹಿಂದೆ ಕಟ್ಟಿದ ಪ್ರೋಗ್ರಾಂ ಇಂದಿಗೂ ಓಡಬೇಕು. ಆದರೆ ಮನೆಯೊಳಗಿನ ಗೋಡೆಗಳನ್ನು ನಾವು ಬೇಕಾದಾಗ ಒಡೆದು ಕಟ್ಟುತ್ತೇವೆ, ತಪ್ಪು ಸರಿಮಾಡುತ್ತೇವೆ. ನಿಮ್ಮ ಡ್ರೈವರ್ ಅನ್ನು ಮನೆಯೊಳಗೆ ತನ್ನಿ, ಗೋಡೆ ಬದಲಾಯಿಸುವಾಗ ಅದನ್ನೂ ನಾವೇ ಸರಿಮಾಡುತ್ತೇವೆ.

ನನಗೆ ಈ ವಾದ ಮುಕ್ಕಾಲು ಪಾಲು ಒಪ್ಪಿಗೆ. ಜೋಳದರೊಟ್ಟಿ ಅವರ ಕಾರ್ಡನ್ನೇ ನೋಡಿ. ಡ್ರೈವರ್ ಒಳಗೆ ಬಂದ ಮೇಲೆ ಅವರ ತೊಂದರೆ ಒಂದು ಸಾಲು ಅಳಿಸಿದರೆ ಮುಗಿಯಿತು. ಶರಾವತಿ ಮೇಡಂ ಕಾರ್ಡಿಗೆ ಆ ಭಾಗ್ಯ ಇಲ್ಲ. ಡಬ್ಲ್ಯುಎಲ್ ಡ್ರೈವರ್‌ನ ಕೊನೆಯ ಆವೃತ್ತಿ 6.30.223.271 ಬಂದಿದ್ದು 2015ರಲ್ಲಿ. ಅದರ ಒಳಭಾಗ ಕಟ್ಟಿಟ್ಟ ಬೈನರಿ, ಅದರ ಸೋರ್ಸ್ ಯಾರಿಗೂ ಸಿಗುವುದಿಲ್ಲ. ಸುತ್ತಲಿನ ತೆಳು ಪದರ ಮಾತ್ರ ಸೋರ್ಸ್ ರೂಪದಲ್ಲಿದೆ. 43142 ಕಾರ್ಡನ್ನು ಕರ್ನಲ್‌ನೊಳಗಿನ ಬಿ43 ಡ್ರೈವರ್ ನಡೆಸುವುದಿಲ್ಲ, ಬಿಆರ್‌ಸಿಎಂಎಸ್‌ಮ್ಯಾಕ್ ಕೂಡ ನಡೆಸುವುದಿಲ್ಲ.

ಈ ಎಂಟು ಒಂಬತ್ತು ವರ್ಷದಲ್ಲಿ ಕರ್ನಲ್‌ನ ಒಳಗೆ ಎಷ್ಟೋ ಬದಲಾಗಿದೆ. 5.6ರಲ್ಲಿ ಐಒರೀಮ್ಯಾಪ್_ನೋಕ್ಯಾಶ್ ಅನ್ನುವ ಫಂಕ್ಷನ್ ತೆಗೆದರು, ಡಬ್ಲ್ಯುಎಲ್ ನಿಂತಿತು. 5.17ರಲ್ಲಿ ನೆಟ್‌ವರ್ಕ್ ಕಾರ್ಡಿನ ವಿಳಾಸವನ್ನು ನೇರವಾಗಿ ಬರೆಯಲು ಆಗದ ಹಾಗೆ ಮಾಡಿದರು, ಮತ್ತೆ ನಿಂತಿತು. ಪ್ರತಿ ಸಲವೂ ಡೆಬಿಯನ್, ಉಬುಂಟು, ಆರ್ಚ್, ಆರ್‌ಪಿಎಂ ಫ್ಯೂಷನ್‌ನಂಥ ಲಿನಕ್ಸ್ ತಂಡಗಳಲ್ಲಿ ಯಾರೋ ಒಬ್ಬರು ಕೂತು ಆ ತೆಳು ಪದರಕ್ಕೆ ತೇಪೆ ಹಾಕಿದ್ದಾರೆ. ಹತ್ತು ವರ್ಷ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇವತ್ತಿಗೂ ವೈಫೈ ಬರುತ್ತಿರುವುದು ಅವರಿಂದ. ಅವರ ಹೆಸರು ನಮಗೆ ಗೊತ್ತಿಲ್ಲ, ನನಗೆ ಅವರ ಮೇಲೆ ಬಹಳ ಗೌರವ.

ಇನ್ನು ಒಪ್ಪಿಗೆ ಇಲ್ಲದ ಕಾಲು ಪಾಲು. ಡ್ರೈವರ್ ಒಳಗೆ ತರುವುದು ಬಿಡುವುದು ಕಾರ್ಡ್ ಕೊಂಡವರ ಕೈಯಲ್ಲಿಲ್ಲ. ಪೆಟ್ಟು ಬೀಳುವುದು ಮಾತ್ರ ಅವರಿಗೆ. ಕನಿಷ್ಠ ಡ್ರೈವರ್ ಕಟ್ಟಲು ಆಗಲಿಲ್ಲ ಅನ್ನುವುದನ್ನು ರೀಸ್ಟಾರ್ಟ್‌ಗೆ ಮೊದಲೇ ಪರದೆಯ ಮೇಲೆ ದೊಡ್ಡದಾಗಿ, ಬಳಸುವವರ ಭಾಷೆಯಲ್ಲೇ ಹೇಳಬೇಕು. ಕನ್ನಡದಲ್ಲಿ ಹೇಳಿದ್ದರೆ ಮೇಡಂ ಪೇಟೆಗೆ ಓಡುವ ಅಗತ್ಯವೇ ಬರುತ್ತಿರಲಿಲ್ಲ.

ಕಡಲತಡಿ · ಜನವರಿ 14, ಸಂಜೆ 5:30

ಮಂಗಳೂರಿನಿಂದ. ಅದೇ 43142, ಅದೇ 22.04. ನನಗೆ ಡಿಕೆಎಂಎಸ್ ಸ್ಟೇಟಸ್ ಸರಿಯಾಗಿದೆ, ಇನ್‌ಸ್ಟಾಲ್ಡ್ ಅಂತ ಬರುತ್ತದೆ. ಆದರೂ ವೈಫೈ ಇಲ್ಲ. "ಸುಡೋ ಮಾಡ್‌ಪ್ರೋಬ್ ಡಬ್ಲ್ಯುಎಲ್" ಕೊಟ್ಟರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅನ್ನುತ್ತದೆ. ಹಳೇ ಕರ್ನಲ್‌ನಲ್ಲೂ ಬರುತ್ತಿಲ್ಲ. ಹೋದ ವಾರ ಬಯಾಸ್ ಅಪ್‌ಡೇಟ್ ಮಾಡಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಳೇಗಣಕ · ಜನವರಿ 14, ಸಂಜೆ 5:52

ಸಂಬಂಧ ಅಲ್ಲೇ ಇದೆ. ಬಯಾಸ್ ಅಪ್‌ಡೇಟ್‌ನಲ್ಲಿ ಸೆಕ್ಯೂರ್ ಬೂಟ್ ಮತ್ತೆ ಆನ್ ಆಗಿರಬೇಕು. "ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಕೊಟ್ಟರೆ ಗೊತ್ತಾಗುತ್ತದೆ. ಅದು ಆನ್ ಇದ್ದಾಗ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಟ್ಟಿದ ಮಾಡ್ಯೂಲ್‌ಗೆ ನಿಮ್ಮದೇ ಕೀಲಿಯ ಸಹಿ ಇರುತ್ತದೆ, ಆದರೆ ಆ ಕೀಲಿ ನಂಬಿಕಸ್ಥ ಅಂತ ಯಂತ್ರಕ್ಕೆ ನೀವು ಒಂದು ಸಲ ಹೇಳಿಕೊಡಬೇಕು.

"ಸುಡೋ ಮೋಕ್‌ಯುಟಿಲ್ --ಇಂಪೋರ್ಟ್" ಅಂತ ಬರೆದು, ಮುಂದೆ /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್ ಫೋಲ್ಡರ್‌ನಲ್ಲಿರುವ ಮೋಕ್ ಡಾಟ್ ಡಿಇಆರ್ ಫೈಲ್‌ನ ಹೆಸರು ಕೊಡಿ. ಒಂದು ಪಾಸ್‌ವರ್ಡ್ ಕೇಳುತ್ತದೆ. ಒಂದೇ ಸಲ ಬಳಸುವಂಥದ್ದು, ಸುಲಭದ್ದೇ ಇಟ್ಟುಕೊಳ್ಳಿ, ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಕಣ್ಣು ಬಿಟ್ಟು ನೋಡುತ್ತಿರಿ, ಅದು ಕೆಲವೇ ಸೆಕೆಂಡ್ ಕಾಯುವುದು. ಯಾವುದಾದರೂ ಕೀ ಒತ್ತಿ, "ಎನ್‌ರೋಲ್ ಮೋಕ್" ಆರಿಸಿ, ಪಾಸ್‌ವರ್ಡ್ ಹಾಕಿ. ಆ ಪರದೆ ತಪ್ಪಿಹೋದರೆ ಮತ್ತೆ ಮೊದಲಿನಿಂದ ಮಾಡಬೇಕು.

ಸೆಕ್ಯೂರ್ ಬೂಟ್ ಆಫ್ ಮಾಡಿದರೂ ವೈಫೈ ಬರುತ್ತದೆ. ಆದರೆ ಒಂದು ಸಲ ಹತ್ತು ನಿಮಿಷ ಕೊಟ್ಟು ಇದನ್ನು ಸರಿಯಾಗಿಯೇ ಮಾಡಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಕಡಲತಡಿ · ಜನವರಿ 14, ಸಂಜೆ 6:40

ಎರಡನೇ ಸಲಕ್ಕೆ ಆಯಿತು. ಮೊದಲ ಸಲ ನೀಲಿ ಪರದೆ ಬಂದು ಹೋಯಿತು, ಅಷ್ಟರಲ್ಲಿ ಮಗು ಕರೆದಿತ್ತು. ಈಗ ವೈಫೈ ಬಂದಿದೆ. ತುಂಬಾ ಧನ್ಯವಾದ.

ಬೆಟ್ಟದಹೂವು · ಜನವರಿ 16, ಬೆಳಗ್ಗೆ 11:10

ತಡವಾಗಿ ನೋಡಿದೆ. ನನ್ನ ಹತ್ತಿರ ಹಳೇ ಕರ್ನಲ್ಲೇ ಇಲ್ಲ, ಆಟೋರಿಮೂವ್ ಕೊಟ್ಟುಬಿಟ್ಟಿದ್ದೆ. ಇಂಟರ್ನೆಟ್ ಇಲ್ಲದೆ ಜಿಸಿಸಿ-12 ತರುವುದು ಹೇಗೆ? ನಮ್ಮದು ಮೂಡಿಗೆರೆ ಕಡೆ, ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆಗೆ ಫೈಬರ್ ಇದೆ, ರೌಟರ್ ಇದೆ.

ಶರಾವತಿ_ತೀರ · ಜನವರಿ 16, ಬೆಳಗ್ಗೆ 11:35

ಇದಕ್ಕೆ ನಾನು ಉತ್ತರ ಕೊಡಬಲ್ಲೆ! ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ. ಚಾರ್ಜ್ ಮಾತ್ರ ಆಗುವ ಕೇಬಲ್ ಬೇಡ, ಫೋಟೋ ವರ್ಗಾಯಿಸುವಂಥದ್ದು ಬೇಕು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ "ಯುಎಸ್‌ಬಿ ಟೆದರಿಂಗ್" ಅಂತ ಇದೆ, ಆನ್ ಮಾಡಿ. ಲ್ಯಾಪ್‌ಟಾಪ್ ಅದನ್ನು ಲ್ಯಾನ್ ಕೇಬಲ್ ಅಂತಲೇ ತಿಳಿಯುತ್ತದೆ, ಯಾವ ಡ್ರೈವರ್ ಬೇರೆ ಹಾಕಬೇಕಿಲ್ಲ.

ಮುಖ್ಯವಾದ ವಿಷಯ, ಮೊಬೈಲ್ ಸಿಗ್ನಲ್ ಬೇಕಾಗಿಲ್ಲ. ಮೊಬೈಲನ್ನು ಮನೆಯ ವೈಫೈಗೆ ಕನೆಕ್ಟ್ ಮಾಡಿಟ್ಟರೆ ಆ ವೈಫೈ ಇಂಟರ್ನೆಟ್ಟೇ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ನಮ್ಮ ಮನೆಯಲ್ಲೂ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ನಿನ್ನೆ ತಮ್ಮನ ಜೊತೆ ಕೂತು ಪರೀಕ್ಷೆ ಮಾಡಿ ನೋಡಿದೆ, ಅಡುಗೆಮನೆಯಲ್ಲೇ ಕೆಲಸ ಮಾಡಿತು. ಈ ಒಂದು ವಿಷಯ ಗುರುವಾರವೇ ಗೊತ್ತಿದ್ದರೆ ಪೇಟೆಗೆ ಹೋಗುತ್ತಲೇ ಇರಲಿಲ್ಲ.

ಆಮೇಲೆ ಜಿಸಿಸಿ-12, ಡಿಕೆಎಂಎಸ್, ಆಟೋಇನ್‌ಸ್ಟಾಲ್. ಹೊಸ ಕರ್ನಲ್‌ನ ಹೆಡರ್ ಇದೆಯಾ ಅಂತಲೂ ನೋಡಿಕೊಳ್ಳಿ.

ಬೆಟ್ಟದಹೂವು · ಜನವರಿ 16, ಮಧ್ಯಾಹ್ನ 12:50

ಬಂತು ಮೇಡಂ. ಹೆಡರ್ ಕೂಡ ಇರಲಿಲ್ಲ, ಅದನ್ನೂ ಹಾಕಿದೆ. ಮೊಬೈಲ್ ವೈಫೈ ಕೇಬಲ್‌ನಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮ್ಯೂನಿಕ್‌ನಲ್ಲಿ_ಮಲೆನಾಡಿಗ · ಜನವರಿ 16, ರಾತ್ರಿ 11:20

ಇನ್ನೂ ಐದಾರು ವರ್ಷ ಅದೇ ಲ್ಯಾಪ್‌ಟಾಪ್ ಬಳಸುವ ಮನಸ್ಸಿದ್ದರೆ ಕಾರ್ಡ್ ಬದಲಾಯಿಸುವುದನ್ನೂ ಯೋಚಿಸಿ. ಊರಿಗೆ ಬಂದಾಗ ಅಣ್ಣನ ಲ್ಯಾಪ್‌ಟಾಪ್‌ಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ಅಥೆರಾಸ್ ಕಾರ್ಡ್ ತಂದು ಹಾಕಿದೆ. ಎಟಿಎಚ್9ಕೆ ಡ್ರೈವರ್ 2008ರಿಂದ ಕರ್ನಲ್‌ನೊಳಗೇ ಇದೆ. ಹಾಕಿದ ದಿನದಿಂದ ಅವನು ನನಗೆ ವೈಫೈ ವಿಷಯಕ್ಕೆ ಫೋನ್ ಮಾಡಿಲ್ಲ. ಕೊಳ್ಳುವ ಮೊದಲು ನಿಮ್ಮದು ಹಾಫ್ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಜಾಗವಾ, ಎಂ.2 ಜಾಗವಾ ಅಂತ ಹಿಂಬದಿ ಮುಚ್ಚಳ ಬಿಚ್ಚಿ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಶುರುವಾಗುವುದೇ ಇಲ್ಲ, ಅದನ್ನೂ ಮೊದಲೇ ವಿಚಾರಿಸಿ. 43142 ಬರೀ 2.4 ಗಿಗಾಹರ್ಟ್ಸ್‌ನದ್ದು. 5 ಗಿಗಾಹರ್ಟ್ಸ್ ಇರುವ ಕಾರ್ಡ್ ಸಿಕ್ಕಿದರೆ ವೇಗವೂ ಏರುತ್ತದೆ.

ಜೋಳದರೊಟ್ಟಿ · ಜನವರಿ 18, ಬೆಳಗ್ಗೆ 8:05

ಆ ಎರಡು ಆಪ್ಷನ್ ಸಾಲು ಹಾಕಿ ನಾಲ್ಕು ದಿನ ಆಯಿತು. ಒಂದು ಸಲವೂ ಬಿದ್ದಿಲ್ಲ.

ಶರಾವತಿ_ತೀರ · ಫೆಬ್ರವರಿ 4, ಸಂಜೆ 6:15

ಅಂಕಗಳನ್ನೆಲ್ಲ ತುಂಬಿ ಆಯಿತು. ಇವತ್ತು 6.5.0-15 ಕರ್ನಲ್ ಬಂತು. ಈ ಸಲ ಟರ್ಮಿನಲ್‌ನಲ್ಲೇ ಅಪ್‌ಡೇಟ್ ಮಾಡಿದೆ. ಡಿಕೆಎಂಎಸ್ ಕೆಲಸ ಮಾಡುವ ಸಾಲುಗಳು ಬಂದಾಗ ನಿಂತು ಓದಿದೆ. ರೀಸ್ಟಾರ್ಟ್ ಮಾಡುವ ಮೊದಲು ಡಿಕೆಎಂಎಸ್ ಸ್ಟೇಟಸ್ ಕೇಳಿದೆ. 6.5.0-15ರ ಮುಂದೆ ಇನ್‌ಸ್ಟಾಲ್ಡ್ ಅಂತ ಬಂತು. ಆಮೇಲೆಯೇ ರೀಸ್ಟಾರ್ಟ್ ಒತ್ತಿದೆ. ವೈಫೈ ಇದೆ.